ಡೀಸೆಲ್ ಕಾರಿಗೆ ಆಯಿಲ್ ಕ್ಯಾಚ್ ಕ್ಯಾನ್: ಕರಾವಳಿ ಮಳೆಗೆ, ಘಾಟಿಗೆ ಹೇಗೆ ಕೂರಿಸುದು?

ಕಡಲತಡಿ_66
1.3 ಲೀಟರ್ ಟರ್ಬೊ ಡೀಸೆಲ್, ಬಿಎಸ್4, 1,18,000 ಕಿ.ಮೀ. ಆಗಿದೆ. ಓಟ ಹೆಚ್ಚು ಸುರತ್ಕಲ್–ಹಂಪನಕಟ್ಟೆ ಟ್ರಾಫಿಕ್‌ನಲ್ಲಿ, ತಿಂಗಳಿಗೆ ಎರಡು ಸಲ ಶಿರಾಡಿ ಘಾಟಿ. ಇಂಟರ್‌ಕೂಲರ್‌ನ ಕೆಳಗಿನ ಪೈಪ್ ಕಳಚಿದರೆ ಒಂದೆರಡು ಚಮಚ ಎಣ್ಣೆ ಸುರಿಯುತ್ತದೆ. ಇಜಿಆರ್ ವಾಲ್ವ್ (ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಇಂಟೇಕ್‌ಗೆ ವಾಪಸ್ ಬಿಡುದು) ಒಳಗೆ ಡಾಂಬರು ಮೆತ್ತಿದ ಹಾಗೆ ಉಂಟು. ಕ್ಯಾಚ್ ಕ್ಯಾನ್ (ಎಂಜಿನ್ ಉಸಿರಿನ ಜೊತೆ ಬರುವ ಎಣ್ಣೆ ಹಿಡಿಯುವ ಡಬ್ಬ) ಹಾಕುವ ಅಂತ. ಕೇಳುದು ಮೂರೇ: ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಅಲ್ಯೂಮಿನಿಯಂ ಕ್ಯಾನ್ ಹಾಗೇ ಹಾಕಬಹುದಾ, ಒಳಗೆ ಏನಾದರೂ ಬದಲಾಯಿಸಬೇಕಾ? ಪೈಪ್ ಯಾವುದು? ಮಳೆಗಾಲದಲ್ಲಿ ಏನಾದರೂ ಬೇರೆ ನೋಡ್ಲಿಕ್ಕುಂಟಾ?

ಪಡುಬಿದ್ರಿ_ಪಿಸ್ಟನ್
ಹಾಕಿ ಮಾರ್ರೆ. ಬ್ರೀದರ್ ಪೈಪ್ (ಎಂಜಿನ್ ಒಳಗಿನ ಹೊಗೆಯನ್ನು ಇಂಟೇಕ್‌ಗೆ ಒಯ್ಯುದು) ತೆಗೆದು ಕ್ಯಾನ್‌ಗೆ ಕೊಡಿ, ಕ್ಯಾನ್ ಮೇಲೆ ಚಿಕ್ಕ ಫಿಲ್ಟರ್ ಇಡಿ, ಟರ್ಬೊ ಕಡೆಯ ತೂತಿಗೆ ಬಿರಡೆ ಹಾಕಿ. ಒಂದು ತೊಟ್ಟು ಎಣ್ಣೆ ಇಂಟೇಕ್‌ಗೆ ಹೋಗುದಿಲ್ಲ. ಅರ್ಧ ಗಂಟೆಯ ಕೆಲಸ.

ಮಣಿಪಾಲ್_ಮೀಟರ್
ಅದಕ್ಕೆ ಮೊದಲು ಎಣ್ಣೆ ಬರುದು ಎಲ್ಲಿಂದ ಅಂತ ಗೊತ್ತಾಗಬೇಕು. ಏರ್ ಫಿಲ್ಟರ್‌ನಿಂದ ಟರ್ಬೊಗೆ ಹೋಗುವ ಪೈಪ್ ಬಿಚ್ಚಿ. ಬ್ರೀದರ್ ಸೇರುವ ಜಾಗದಿಂದ ಮುಂದಕ್ಕೆ ಎಣ್ಣೆ ಇದ್ದರೆ ಬ್ಲೋಬೈ (ಪಿಸ್ಟನ್ ರಿಂಗ್ ದಾಟಿ ಕೆಳಗೆ ಸೋರುವ ಹೊಗೆ) ಜೊತೆ ಬರ್ತಾ ಉಂಟು, ಕ್ಯಾನ್ ಉಪಯೋಗಕ್ಕೆ ಬರ್ತದೆ. ಆ ಕಡೆ ಒಣಗಿದ್ದು, ಟರ್ಬೊ ದಾಟಿದ ಮೇಲೆ ಮಾತ್ರ ಎಣ್ಣೆ ಅಂತಾದರೆ ಟರ್ಬೊ ಸೀಲ್ ಅಥವಾ ಟರ್ಬೊದ ಆಯಿಲ್ ರಿಟರ್ನ್ ಪೈಪ್ ನೋಡಿ. ಅಲ್ಲಿ ಎಷ್ಟು ಕ್ಯಾನ್ ಹಾಕಿದರೂ ನಯಾ ಪೈಸೆಯ ಪ್ರಯೋಜನ ಇಲ್ಲ.

ಇನ್ನೊಂದು, ಡಿಪ್‌ಸ್ಟಿಕ್, ಎಣ್ಣೆಯ ಮಟ್ಟ ನೋಡುವ ಕಡ್ಡಿ. ಕಾರು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ 10 ನಿಮಿಷ ಬಿಟ್ಟು ನೋಡಿ. ಮ್ಯಾಕ್ಸ್ ಗೆರೆಗಿಂತ ಮೇಲೆ ಎಣ್ಣೆ ಇದ್ದರೆ ಕ್ರ್ಯಾಂಕ್ ಅದನ್ನು ಮೊಸರು ಕಡೆದ ಹಾಗೆ ಕಡೆದು ಮಂಜು ಮಾಡಿ ಬ್ರೀದರ್‌ಗೆ ತಳ್ಳುತ್ತದೆ. ಎಷ್ಟೋ ಕಾರುಗಳ ಎಣ್ಣೆ ಸಮಸ್ಯೆ ಬರೀ ಇದು.

ಘಾಟಿ_ಗೇರ್
ಮೀಟರ್ ಹೇಳಿದ್ದು ಸರಿ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್‌ನವರೂ ಗಮನಿಸಿ. ಡಿಪಿಎಫ್‌ನ ಮಸಿ ಸುಡುವಾಗ ಹೆಚ್ಚುವರಿ ಡೀಸೆಲ್ ಸಿಂಪಡಿಸ್ತದೆ, ಅದರಲ್ಲಿ ಸ್ವಲ್ಪ ಸಂಪ್‌ಗೆ (ಎಂಜಿನ್ ತಳದ ಎಣ್ಣೆಯ ತೊಟ್ಟಿ) ಇಳಿಯುತ್ತದೆ. ಪೇಟೆಯೊಳಗೇ ಓಡುವ ಕಾರಿನಲ್ಲಿ ಎಣ್ಣೆಯ ಮಟ್ಟ ಏರ್ತಾ ಹೋಗುದು ಅದಕ್ಕೇ. ಅಲ್ಲಿ ಬೇಕಾದ್ದು ಆಯಿಲ್ ಬದಲಾವಣೆ, ಕ್ಯಾನ್ ಅಲ್ಲ.

ಬೈಕಂಪಾಡಿ_ಲೇತ್
ಪಿಸ್ಟನ್ ಅವರೇ, ಮೇಲೆ ಫಿಲ್ಟರ್ ಇಡುವ ವಿಧಾನ ದಯವಿಟ್ಟು ಯಾರಿಗೂ ಹೇಳ್ಬೇಡಿ. ಕ್ರ್ಯಾಂಕ್‌ಕೇಸ್ ಹೊಗೆ ಹೊರಗೆ ಬಿಡ್ಲಿಕ್ಕೆ ಕಾರಿನ ಮಾಲಿನ್ಯ ನಿಯಮ ಬಿಡುದಿಲ್ಲ, ಅದೊಂದು. ಸಿಗ್ನಲ್‌ನಲ್ಲಿ ನಿಂತಾಗ ಆ ಸುಟ್ಟ ವಾಸನೆ ಎಸಿ ಮೂಲಕ ನೇರ ಒಳಗೆ ಬರ್ತದೆ, ಇನ್ನೊಂದು. ಫಿಲ್ಟರ್ ನೆನೆದ ಮೇಲೆ ಎಣ್ಣೆ ಬಿಸಿ ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕಿದರೆ ಬೆಂಕಿ. ಮತ್ತೆ, ಟರ್ಬೊ ಕಡೆಯ ಎಳೆತ ಇಲ್ಲದಿದ್ದರೆ ನೀರಾವಿ, ಆಮ್ಲದ ಅಂಶ ಎಲ್ಲ ಎಂಜಿನ್ ಒಳಗೇ ಕೂರ್ತದೆ. ನಮ್ಮ ಊರಿನ ಜೂನ್–ಸೆಪ್ಟೆಂಬರ್ ತೇವದಲ್ಲಿ ಅದು ಬೇಡವೇ ಬೇಡ. ಕ್ಯಾನ್‌ನಿಂದ ವಾಪಸ್ ಟರ್ಬೊ ಪೈಪ್‌ಗೇ ಕೊಡಬೇಕು.

ಪಡುಬಿದ್ರಿ_ಪಿಸ್ಟನ್
ರ‍್ಯಾಲಿ ಕಾರುಗಳಲ್ಲಿ ಎಲ್ಲ ಹಾಗೇ ಇರ್ತದಲ್ಲ?

ಬೈಕಂಪಾಡಿ_ಲೇತ್
ರ‍್ಯಾಲಿ ಎಂಜಿನ್ ಒಂದೊಂದು ಸೀಸನ್‌ಗೆ ಬಿಚ್ಚುತ್ತಾರೆ, ಎಣ್ಣೆ ಪ್ರತಿ ಓಟಕ್ಕೆ ಬದಲಾಯಿಸ್ತಾರೆ. ದಿನಾ ಆಫೀಸಿಗೆ ಹೋಗುವ ಕಾರಿಗೆ ಅದನ್ನು ಹೋಲಿಸ್ಬೇಡಿ.

ಈಗ ಕ್ಯಾನ್ ಒಳಗಿನ ವಿಷಯ. ಅಗ್ಗದ ಕ್ಯಾನ್ ತೆರೆದು ನೋಡಿದರೆ ಖಾಲಿ ಡಬ್ಬ. ಮುಚ್ಚಳದಲ್ಲಿ ಎರಡು ತೂತು ಅಕ್ಕಪಕ್ಕ, ಇದರಲ್ಲಿ ಬಂದ ಗಾಳಿ ಅದರಲ್ಲಿ ಹೋಯ್ತು. ಎಣ್ಣೆಯ ಮಂಜು ಕೆಳಗೆ ಇಳಿಯುದೇ ಇಲ್ಲ. ಅದನ್ನು ಸರಿ ಮಾಡುದು ಹೀಗೆ:

ಒಳಬರುವ ತೂತಿಗೆ 19 ಮಿ.ಮೀ. ಒಳವ್ಯಾಸದ ಅಲ್ಯೂಮಿನಿಯಂ ನಳಿಗೆ ಥ್ರೆಡ್ ಮಾಡಿ ಅಥವಾ ವೆಲ್ಡ್ ಮಾಡಿ, ಕ್ಯಾನ್‌ನ ಆಳದ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ ಇಳಿಸಿ. ಗಾಳಿ ಕೆಳಗೆ ಹೋಗಿ, ತಿರುಗಿ ಮೇಲೆ ಬರಬೇಕು. ತಿರುಗುವಲ್ಲಿಯೇ ಭಾರದ ಹನಿ ಗೋಡೆಗೆ ಬಡಿದು ಉಳಿಯುದು. ನಳಿಗೆಯ ತುದಿಗೂ ತಳಕ್ಕೂ ಕಡಿಮೆ ಅಂದ್ರೆ 40 ಮಿ.ಮೀ. ಅಂತರ ಬೇಕು, ಇಲ್ಲದಿದ್ದರೆ ಘಾಟಿಯ ತಿರುವಿನಲ್ಲಿ ತುಳುಕಿದ ಎಣ್ಣೆಯನ್ನು ಗಾಳಿ ಮತ್ತೆ ಎತ್ತಿಕೊಂಡು ಹೋಗ್ತದೆ. ಮೇಲಿನ ಅರ್ಧದಲ್ಲಿ ನಳಿಗೆಯ ಸುತ್ತ ತೂತು ಕೊರೆದ ತಟ್ಟೆ ಎರಡು, ನಡುವೆ ಸ್ಟೇನ್‌ಲೆಸ್ ಜಾಲರಿ ತುಂಬಿ. ಹೊರಹೋಗುವ ತೂತು ಅದರ ಮೇಲೆ ಇರಲಿ.

ತಟ್ಟೆಯ ತೂತಿನ ಲೆಕ್ಕ ಬಿಡಬೇಡಿ. 19 ಮಿ.ಮೀ. ಪೈಪಿನ ಬಾಯಿ ಸುಮಾರು 283 ಚದರ ಮಿ.ಮೀ. 4 ಮಿ.ಮೀ. ತೂತು ಒಂದು 12.5. ಅಂದ್ರೆ 23 ತೂತು ಹಾಕಿದರೆ ಪೈಪಿಗೆ ಸಮ ಆಯ್ತು ಅಷ್ಟೇ. ಜಾಲರಿಯೂ ತಡೆಯುತ್ತದೆ, ಹಾಗಾಗಿ 45 ಹಾಕಿ.

ಕಾಪು_ಕಡಲು
ಜಾಲರಿ ಅಂದ್ರೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ಆಗ್ತದಾ?

ಬೈಕಂಪಾಡಿ_ಲೇತ್
ಅಗಲ ಪಟ್ಟಿಯ ಸುರುಳಿ ಇರುವ ಸ್ಟೇನ್‌ಲೆಸ್ ಸ್ಕ್ರಬ್ಬರ್ ಆಗ್ತದೆ. ಅಯಸ್ಕಾಂತ ಹಿಡಿದು ನೋಡಿ, ಜೋರಾಗಿ ಅಂಟಿದರೆ ಬಿಡಿ, ಅಂಥದ್ದು ಬೇಗ ತುಕ್ಕು ಹಿಡಿಯುತ್ತದೆ. ಕೂದಲಿನಂಥ ತೆಳ್ಳಗಿನ ಸ್ಟೀಲ್ ವುಲ್ ಯಾವ ಕಾರಣಕ್ಕೂ ಬೇಡ. ನಡುಕಕ್ಕೆ ತುಂಡಾಗಿ ಟರ್ಬೊದ ಕಂಪ್ರೆಸರ್ ರೆಕ್ಕೆಗೆ ಹೋಗ್ತದೆ. ತಟ್ಟೆ ಎರಡೂ ಕಡೆ ಇರಬೇಕು ಅಂದದ್ದು ಅದಕ್ಕೇ, ಜಾಲರಿ ಕಿತ್ತುಬಂದರೂ ದಾಟಬಾರದು.

ಡ್ರಿಲ್ ಮಾಡಿದ ಮೇಲೆ ಕ್ಯಾನ್ ಅನ್ನು ಸೀಮೆಎಣ್ಣೆಯಲ್ಲಿ ತೊಳೆದು ಗಾಳಿ ಹೊಡೆಸಿ. ಒಂದು ಅಲ್ಯೂಮಿನಿಯಂ ಚೂರು ಒಳಗೆ ಉಳಿದರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ.

ಮಣಿಪಾಲ್_ಮೀಟರ್
ಪೈಪ್‌ನ ಅಳತೆಗೆ ಒಂದು ಮಾತು ಸೇರಿಸ್ತೇನೆ. ಕಿಟ್ ಜೊತೆ ಬರುದು ಹೆಚ್ಚಾಗಿ 12 ಮಿ.ಮೀ. ಪೈಪ್. 113 ಚದರ ಮಿ.ಮೀ. ಅಂದ್ರೆ 19ರದ್ದಕ್ಕೆ ಹೋಲಿಸಿದರೆ ಬಾಯಿ ಶೇ. 40 ಮಾತ್ರ. ಎಂಜಿನ್ ಉಸಿರು ಕಟ್ಟಿದರೆ ಒತ್ತಡ ಒಳಗೆ ಏರಿ ದುರ್ಬಲ ಜಾಗ ಹುಡುಕ್ತದೆ: ವಾಲ್ವ್ ಕವರ್ ಗ್ಯಾಸ್ಕೆಟ್, ಕ್ರ್ಯಾಂಕ್‌ನ ಹಿಂದಿನ ಸೀಲ್, ಟರ್ಬೊದ ಆಯಿಲ್ ರಿಟರ್ನ್. ಹಿಂದಿನ ಸೀಲ್ ಬದಲಾಯಿಸ್ಲಿಕ್ಕೆ ಗೇರ್‌ಬಾಕ್ಸ್ ಇಳಿಸಬೇಕು. ಕಾರಿನ ಮೂಲ ಬ್ರೀದರ್ ಎಷ್ಟು ದಪ್ಪವೋ ಅಷ್ಟೇ ದಪ್ಪ ಎಲ್ಲ ಕಡೆ ಇರಬೇಕು, ಫಿಟ್ಟಿಂಗ್‌ನ ಒಳವ್ಯಾಸ ಸೇರಿ.

ಕಾಪು_ಕಡಲು
ಸಿಲಿಕಾನ್ ಪೈಪ್ ಚೆನ್ನಾಗಿರ್ತದೆ, ನೀಲಿ ಬಣ್ಣದ್ದು. ಬಿಸಿ ತಡೆಯುತ್ತದೆ.

ಘಾಟಿ_ಗೇರ್
ಬಿಸಿ ತಡೆಯುತ್ತದೆ, ಎಣ್ಣೆ ತಡೆಯುದಿಲ್ಲ. ಸಾದಾ ಸಿಲಿಕಾನ್ ಎಣ್ಣೆಯ ಆವಿಗೆ ಮೆತ್ತಗಾಗಿ ಉಬ್ಬುತ್ತದೆ, ಹೊರಮೈ ಬೆವರಿದ ಹಾಗೆ ಜಿಡ್ಡು. ಒಳಗೆ ಫ್ಲೋರೋಸಿಲಿಕಾನ್ ಪದರ ಇದ್ದರೆ ಮಾತು ಬೇರೆ, ಅದಕ್ಕೆ ದುಡ್ಡೂ ಬೇರೆ. ನೈಟ್ರೈಲ್ ರಬ್ಬರಿನ, ಒಳಗೆ ನೂಲಿನ ಹೆಣಿಗೆ ಇರುವ ಆಯಿಲ್ ಹೋಸ್ ತಗೊಳ್ಳಿ. ಮೈಮೇಲೆ ಎನ್‌ಬಿಆರ್ ಅಂತ ಬರೆದಿರ್ತದೆ. ನೀರಿನ ಹೀಟರ್ ಹೋಸ್ ಇಪಿಡಿಎಂ ರಬ್ಬರಿನದ್ದು, ಅದು ಎಣ್ಣೆಗೆ ಸ್ವಲ್ಪವೂ ಆಗುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಪಾರದರ್ಶಕ ಪಿವಿಸಿ ಪೈಪ್ ಬಿಸಿಗೆ ಮೆತ್ತಗಾಗಿ ಚಪ್ಪಟೆ ಆಗ್ತದೆ, ಮತ್ತೆ ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಸೀಳುತ್ತದೆ.

ಕಾಪು_ಕಡಲು
ಸಿಲಿಕಾನ್ ಪೈಪ್‌ನಲ್ಲಿ ಟರ್ಬೊ ಗಾಳಿ ಹೋಗ್ತದಲ್ಲ, ಅಲ್ಲಿ ಏನೂ ಆಗುದಿಲ್ಲ?

ಘಾಟಿ_ಗೇರ್
ಅಲ್ಲಿ ಹೋಗುದು ಹೆಚ್ಚು ಗಾಳಿ, ಸ್ವಲ್ಪ ಎಣ್ಣೆಯ ಪಸೆ. ಬ್ರೀದರ್‌ನಲ್ಲಿ ಬಿಸಿ ಎಣ್ಣೆಯ ಮಂಜು ಗೋಡೆಗೆ ಕೂತು ನೆನೆಯುತ್ತಾ ಇರ್ತದೆ. ಟರ್ಬೊ ಪೈಪ್ ಕೂಡ ಒಳ್ಳೆಯ ಕಂಪೆನಿಯವರು ಒಳಪದರ ಕೊಟ್ಟೇ ಮಾಡುದು.

ಕಡಲತಡಿ_66
ಎಲ್ಲಿ ಕೂರಿಸಲಿ? ಬ್ಯಾಟರಿ ಪಕ್ಕ ಜಾಗ ಉಂಟು, ಹೆಡ್‌ಲೈಟ್ ಹಿಂದೆಯೂ ಉಂಟು.

ಬೈಕಂಪಾಡಿ_ಲೇತ್
ಹೆಡ್‌ಲೈಟ್ ಹಿಂದೆ. ಗ್ರಿಲ್‌ನ ಗಾಳಿ ತಾಗುತ್ತದೆ, ಕ್ಯಾನ್ ತಣ್ಣಗಿದ್ದಷ್ಟೂ ಆವಿ ಹೆಚ್ಚು ಇಳಿಯುತ್ತದೆ. ಎಕ್ಸಾಸ್ಟ್, ಟರ್ಬೊದಿಂದ ಒಂದು ಗೇಣು ದೂರ ಇರಲೇಬೇಕು. ಎತ್ತರ ಮುಖ್ಯ: ಕ್ಯಾನ್‌ನ ಬಾಯಿ ವಾಲ್ವ್ ಕವರ್‌ನ ಬ್ರೀದರ್ ಬಾಯಿಗಿಂತ ಕೆಳಗೆ, ಪೈಪ್ ಪೂರ್ತಿ ಇಳಿಜಾರು. ನಡುವೆ ಪೈಪ್ ಜೋತುಬಿದ್ದು ಹೊಟ್ಟೆ ಬಂದರೆ ಅಲ್ಲಿ ನೀರು, ಎಣ್ಣೆ ನಿಂತು ಬಿರಡೆ ಹಾಕಿದ ಹಾಗೆ ಆಗ್ತದೆ.

ಬ್ರಾಕೆಟ್ ಬಾಡಿಗೆ ಹಿಡಿಸಿ, ಎಂಜಿನ್‌ಗೆ ಬೇಡ. ಎಂಜಿನ್ ತನ್ನ ಮೌಂಟ್ ಮೇಲೆ ಅಲ್ಲಾಡುತ್ತದೆ, ಹಾಗಾಗಿ ಪೈಪ್‌ನಲ್ಲಿ 30–40 ಮಿ.ಮೀ. ಸಡಿಲ ಬಿಡಿ. 3 ಮಿ.ಮೀ. ಅಲ್ಯೂಮಿನಿಯಂ ಪಟ್ಟಿ ಸಾಕು, ಎರಡು ಎಂ6 ಬೋಲ್ಟ್, 9 ನ್ಯೂಟನ್ ಮೀಟರ್‌ಗೆ ಬಿಗಿ. ಸ್ಟೇನ್‌ಲೆಸ್ ಬೋಲ್ಟ್ ನೇರ ಅಲ್ಯೂಮಿನಿಯಂಗೆ ತಾಗಿದರೆ ಉಪ್ಪು ಗಾಳಿಗೆ ಒಂದೆರಡು ಮಳೆಗಾಲದಲ್ಲಿ ಬಿಳಿ ಹಿಟ್ಟು ಬಂದು ಕಚ್ಚಿಕೊಳ್ಳುತ್ತದೆ. ನೈಲಾನ್ ವಾಷರ್ ಇಡಿ, ಥ್ರೆಡ್‌ಗೆ ಆಂಟಿಸೀಜ್ (ಕಚ್ಚಿಕೊಳ್ಳದ ಹಾಗೆ ಮಾಡುವ ಪೇಸ್ಟ್) ಹಚ್ಚಿ. ಆಂಟಿಸೀಜ್ ಹಚ್ಚಿದಲ್ಲಿ ಬಿಗಿ ಸ್ವಲ್ಪ ಕಡಿಮೆ ಮಾಡಿ, ಇಲ್ಲದಿದ್ದರೆ ಥ್ರೆಡ್ ಹೋಗ್ತದೆ.

ಉಪ್ಪುಗಾಳಿ
ಅಯ್ಯೋ ಈ ಬಿಳಿ ಹಿಟ್ಟು! ನಂಬರ್ ಪ್ಲೇಟಿನ ಸ್ಕ್ರೂ, ಬ್ಯಾಟರಿ ಟ್ರೇ, ಎಸಿ ಕಂಡೆನ್ಸರ್, ಎಲ್ಲ ಕಡೆ. ಪಣಂಬೂರಿನಿಂದ ಮಲ್ಪೆವರೆಗೆ ಸಮುದ್ರದ ಬದಿ ನಿಲ್ಲಿಸುವ ಕಾರುಗಳ ಕೆಳಗೆ ಬಗ್ಗಿ ನೋಡಿದರೆ ಗೊತ್ತಾಗ್ತದೆ. ಬರೀ ಸಿಹಿನೀರಿನಲ್ಲಿ ಅಡಿ ತೊಳೆದರೂ ಅರ್ಧ ಉಳಿಯುತ್ತದೆ.

ಹೆಗ್ಗಣ_ವೈರಿ
ತುಕ್ಕು ಬಿಡಿ, ಹೊಸ ರಬ್ಬರ್ ಪೈಪ್ ಹಾಕಿದರೆ ಮೊದಲು ಬರುದು ಇಲಿ. ತೆಂಗಿನ ತೋಟದ ಬದಿ ಕಾರು ಇಡುವವರು ಪೈಪ್ ಮೇಲೆ ಸ್ಟೇನ್‌ಲೆಸ್ ಹೆಣಿಗೆಯ ಕವಚ ಎಳೆಯಿರಿ. ಕಚ್ಚಿದ ಬ್ರೀದರ್ ಪೈಪ್ ಮೂಲಕ ಫಿಲ್ಟರ್ ದಾಟದ ಧೂಳು ನೇರ ಟರ್ಬೊಗೆ ಹೋಗ್ತದೆ, ಅದು ಎಣ್ಣೆಗಿಂತ ಕೆಟ್ಟದ್ದು.

ಮಣಿಪಾಲ್_ಮೀಟರ್
ಇಲಿಯ ಮಾತು ನಿಜ. ವಾರಕ್ಕೊಮ್ಮೆ ಬಾನೆಟ್ ಎತ್ತಿ ಪೈಪ್ ಮೇಲೆ ಕೈ ಆಡಿಸಿ.

ಕ್ಲಾಂಪ್ ಬಗ್ಗೆ ಯಾರೂ ಹೇಳಲಿಲ್ಲ. ತೂತು ಕೊರೆದ ಪಟ್ಟಿಯ ಜುಬಿಲಿ ಕ್ಲಾಂಪ್ ರಬ್ಬರನ್ನು ಕೊರೆಯುತ್ತದೆ. ಒಳಮೈ ನುಣುಪಾದ ಫ್ಯುಯೆಲ್ ಹೋಸ್ ಕ್ಲಾಂಪ್, ಇಲ್ಲದಿದ್ದರೆ ಕಾರಿನಲ್ಲೇ ಬರುವ ಸ್ಪ್ರಿಂಗ್ ಕ್ಲಾಂಪ್. ಮೂಲ ಬ್ರೀದರ್ ಪೈಪ್ ಕತ್ತರಿಸ್ಬೇಡಿ, ಇನ್ನೊಂದು ತಗೊಂಡು ಅದನ್ನು ಕತ್ತರಿಸಿ. ವಾರಂಟಿ ಇರುವ ಕಾರಾದರೆ ಕ್ಯಾನ್ ಯೋಚನೆಯೇ ಬೇಡ. ಕೆಲವು ಹೊಸ ಕಾರುಗಳ ಬ್ರೀದರ್ ಜೋಡಣೆಯಲ್ಲಿ ಸಣ್ಣ ವೈರು ಅಥವಾ ಸೆನ್ಸರ್ ಇರ್ತದೆ, ಕಳಚಿದರೆ ಚೆಕ್ ಎಂಜಿನ್ ದೀಪ ಬರ್ತದೆ.

ಕ್ಯಾನ್ ಉಸಿರು ಕಟ್ಟಿಸ್ತದಾ ಇಲ್ವಾ ಅಂತ ಅಳೆಯುದು ಸುಲಭ. ಎರಡು ಮೀಟರ್ ಪಾರದರ್ಶಕ ಪೈಪ್ ಅನ್ನು ಹಲಗೆ ಮೇಲೆ ಯು ಆಕಾರದಲ್ಲಿ ಕಟ್ಟಿ, ಅರ್ಧದವರೆಗೆ ಕುಂಕುಮ ಕದಡಿದ ನೀರು ತುಂಬಿ, ಪಕ್ಕದಲ್ಲಿ ಸ್ಕೇಲ್ ಇಡಿ. ಒಂದು ತುದಿ ಡಿಪ್‌ಸ್ಟಿಕ್ ನಳಿಗೆಗೆ ಗಾಳಿ ಸೋರದ ಹಾಗೆ ಕೂರಿಸಿ. ನಡುವೆ ಒಂದು ಖಾಲಿ ಬಾಟಲಿ ಕಡ್ಡಾಯ, ಎಳೆತ ಜಾಸ್ತಿಯಾದರೆ ನೀರು ಎಂಜಿನ್‌ಗೆ ಹೋಗಬಾರದು. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ, 2500 ಆರ್‌ಪಿಎಂನಲ್ಲಿ ಎರಡು ಕಡೆಯ ನೀರಿನ ವ್ಯತ್ಯಾಸ ಬರೆದುಕೊಳ್ಳಿ. ಕ್ಯಾನ್ ಹಾಕಿ ಮತ್ತೆ ಅಳೆಯಿರಿ. 100 ಮಿ.ಮೀ. ನೀರು ಅಂದ್ರೆ ಸುಮಾರು 1 ಕಿಲೋಪಾಸ್ಕಲ್. ಮೊದಲಿಗೂ ನಂತರಕ್ಕೂ 10–15 ಮಿ.ಮೀ. ವ್ಯತ್ಯಾಸ ಬಂದರೆ ತೊಂದರೆ ಇಲ್ಲ. 50 ಏರಿದರೆ ಜಾಲರಿ ಕಡಿಮೆ ಮಾಡಿ, ಇಲ್ಲ ತೂತು ಹೆಚ್ಚಿಸಿ. ಈ ಒಂದು ಅಳತೆ ಮಾಡದೆ ಕ್ಯಾನ್ ಹಾಕಿದ ಕಾರು ಓಡಿಸ್ಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ.

ಪಡುಬಿದ್ರಿ_ಪಿಸ್ಟನ್
ಇದು ಒಳ್ಳೆಯದು. ಆಯಿಲ್ ಕ್ಯಾಪ್ ತಿರುಗಿಸಿ ಇಟ್ಟು ಕುಣಿಯುತ್ತದಾ ನೋಡುದಕ್ಕಿಂತ ಎಷ್ಟೋ ಮೇಲು. ಮೇಲೆ ಫಿಲ್ಟರ್ ಇಡುವ ಮಾತು ವಾಪಸ್ ತಗೊಳ್ತೇನೆ, ಎಕ್ಸಾಸ್ಟ್ ಮೇಲೆ ತೊಟ್ಟಿಕ್ಕುವ ವಿಷಯ ಯೋಚನೆ ಮಾಡಿರಲಿಲ್ಲ.

ಟರ್ಬೊ_ಪೆಟ್ರೋಲ್
ಪೆಟ್ರೋಲ್‌ಗೂ ಇದೇ ಕ್ರಮವಾ? 1.0 ಲೀಟರ್ ಟರ್ಬೊ, ಡೈರೆಕ್ಟ್ ಇಂಜೆಕ್ಷನ್.

ಘಾಟಿ_ಗೇರ್
ಅಲ್ಲ, ಅಲ್ಲಿ ದಾರಿ ಎರಡು. ಆಕ್ಸಿಲರೇಟರ್ ಬಿಟ್ಟಾಗ ಮ್ಯಾನಿಫೋಲ್ಡ್‌ನ ನಿರ್ವಾತ ಪಿಸಿವಿ (ಎಂಜಿನ್ ಒಳಗಿನ ಹೊಗೆ ಬಿಡುವ ವಾಲ್ವ್) ಮೂಲಕ ಎಳೆಯುತ್ತದೆ. ಬೂಸ್ಟ್ ಬಂದಾಗ ಅಲ್ಲಿಯ ಚೆಕ್ ವಾಲ್ವ್ ಮುಚ್ಚಿ, ಹೊಗೆ ಟರ್ಬೊಗೆ ಮೊದಲಿನ ಪೈಪ್‌ಗೆ ಹೋಗ್ತದೆ. ಒಂದೇ ದಾರಿಗೆ ಕ್ಯಾನ್ ಹಾಕಿದರೆ ಅರ್ಧ ಕೆಲಸ. ಎರಡು ಚೆಕ್ ವಾಲ್ವ್, ಮೂರು ಬಾಯಿಯ ಕ್ಯಾನ್ ಬೇಕು. ಪಿಸಿವಿ ವಾಲ್ವ್ ತೆಗೆಯಬಾರದು.

ಆಗುಂಬೆಯ 14 ತಿರುವು ಇಳಿಯುವಾಗ ಗೇರ್‌ನಲ್ಲೇ ಬಿಟ್ಟು ಬರ್ತೀರಲ್ಲ, ಆಗ ಪೆಟ್ರೋಲ್ ಎಂಜಿನ್‌ನ ಎಳೆತ ಅತಿ ಹೆಚ್ಚು. ತೆಳ್ಳಗಿನ ಪೈಪ್ ಆದರೆ ಒಳಕ್ಕೆ ಹೀರಿ ಚಪ್ಪಟೆ ಆಗ್ತದೆ. ಮುಚ್ಚಳದ ಓ ರಿಂಗ್ ಸೋರಿದರೆ ಅಳತೆಗೆ ಸಿಗದ ಗಾಳಿ ಒಳಗೆ ಹೋಗಿ ಐಡಲ್ ಏರುಪೇರು, ಪಿ0171 ಕೋಡ್ (ಇಂಧನಕ್ಕೆ ಗಾಳಿ ಹೆಚ್ಚಾಯ್ತು ಅಂತ). ಕ್ಯಾನ್ ಹಾಕುವ ಮೊದಲು ಒಂದು ಬಾಯಿ ಮುಚ್ಚಿ, ಸೈಕಲ್ ಪಂಪ್‌ನಲ್ಲಿ ಮೆಲ್ಲಗೆ ಒತ್ತಡ ಕೊಟ್ಟು ಸೋಪಿನ ನೀರು ಹಚ್ಚಿ ನೋಡಿ.

ಡೈರೆಕ್ಟ್ ಇಂಜೆಕ್ಷನ್‌ನಲ್ಲಿ ಕ್ಯಾನ್‌ಗೆ ಅರ್ಥ ಉಂಟು. ಪೆಟ್ರೋಲ್ ನೇರ ಸಿಲಿಂಡರ್‌ಗೆ ಹೋಗುದರಿಂದ ಇಂಟೇಕ್ ವಾಲ್ವ್‌ನ ಬೆನ್ನು ತೊಳೆಯುವವರಿಲ್ಲ, ಎಣ್ಣೆ ಕರಕಲಾಗಿ ಕೂರ್ತದೆ. ಸಾದಾ ಪೋರ್ಟ್ ಇಂಜೆಕ್ಷನ್, ಟರ್ಬೊ ಇಲ್ಲದ 1.2 ಪೆಟ್ರೋಲ್ ಇರುವವರು ಆ ದುಡ್ಡಿನಲ್ಲಿ ಒಳ್ಳೆಯ ಎಣ್ಣೆ ಹಾಕಿ.

ಉಪ್ಪುಗಾಳಿ
ಮಳೆಗಾಲದ ಪ್ರಶ್ನೆ ಉಳಿಯಿತು. ಕ್ಯಾನ್ ತೆರೆದರೆ ಹಾಲು ಕಾಫಿಯ ಹಾಗೆ ಬಂದರೆ ಹೆಡ್ ಗ್ಯಾಸ್ಕೆಟ್ ಹೋಯ್ತಾ?

ಮಣಿಪಾಲ್_ಮೀಟರ್
ಕೂಡಲೇ ಹಾಗೆ ಅಂದುಕೊಳ್ಬೇಡಿ. ಇಂಧನ ಉರಿದಾಗ ನೀರು ಹುಟ್ಟುತ್ತದೆ, ಅದರ ಆವಿ ಬ್ಲೋಬೈ ಜೊತೆ ಬಂದು ತಣ್ಣಗಿನ ಕ್ಯಾನ್‌ನಲ್ಲಿ ಇಳಿಯುತ್ತದೆ, ಎಣ್ಣೆ ಜೊತೆ ಕಲಸಿ ಕಾಫಿ ಬಣ್ಣ. ಎರಡು–ಮೂರು ಕಿ.ಮೀ. ಓಡಿಸಿ ನಿಲ್ಲಿಸುವ ಕಾರಿನಲ್ಲಿ ಇದು ಹೆಚ್ಚು. ಡಿಪ್‌ಸ್ಟಿಕ್‌ನ ಎಣ್ಣೆ ಕಪ್ಪಗೇ ಇದ್ದು, ಕೂಲಂಟ್ ಮಟ್ಟ ಇಳಿಯದಿದ್ದರೆ ಭಯ ಇಲ್ಲ. ಕೂಲಂಟ್ ಕಡಿಮೆಯಾಗ್ತಾ ಇದ್ದರೆ ಮಾತ್ರ ತಡ ಮಾಡಬೇಡಿ.

ಹಾಕಿದ ಮೇಲೆ ಮೊದಲ ಸಲ 500 ಕಿ.ಮೀ.ಗೆ ತೆರೆದು ನೋಡಿ. ಆಮೇಲೆ ಬೇಸಿಗೆಯಲ್ಲಿ 1000ಕ್ಕೊಮ್ಮೆ, ಮಳೆಯಲ್ಲಿ 500ಕ್ಕೊಮ್ಮೆ. 1000 ಕಿ.ಮೀ.ಗೆ 20–50 ಮಿ.ಲೀ. ಬಂದರೆ ಸರಿ. 100 ದಾಟಿದರೆ ರಿಂಗ್, ಸಿಲಿಂಡರ್ ಕಡೆ ನೋಡಿ, ಕಂಪ್ರೆಷನ್ ಅಳೆಸಿ.

ಬೈಕಂಪಾಡಿ_ಲೇತ್
ಖಾಲಿ ಮಾಡ್ಲಿಕ್ಕೆ ಮರೆಯುವವರು ಡೀಸೆಲ್‌ಗೆ ಕ್ಯಾನ್ ಹಾಕಲೇಬೇಡಿ. ತುಂಬಿದ ಕ್ಯಾನ್‌ನ ಎಣ್ಣೆಯನ್ನು ಟರ್ಬೊ ಒಮ್ಮೆಲೇ ಹೀರಿದರೆ ಡೀಸೆಲ್ ಎಂಜಿನ್ ಆ ಎಣ್ಣೆಯಲ್ಲೇ ಓಡ್ತದೆ, ಕೀ ತೆಗೆದರೂ ನಿಲ್ಲುದಿಲ್ಲ. ಆರ್‌ಪಿಎಂ ಏರ್ತಾ ಹೋಗಿ ಎಂಜಿನ್ ಒಡೆಯುವವರೆಗೆ. ಮ್ಯಾನುಯಲ್ ಗೇರ್ ಆದರೆ ಬ್ರೇಕ್ ಪೂರ್ತಿ ಒತ್ತಿ, ದೊಡ್ಡ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ನಿಲ್ಲಿಸಬೇಕು. ಅದಕ್ಕೇ 300 ಮಿ.ಲೀ. ಚಿಕ್ಕ ಕ್ಯಾನ್‌ಗಿಂತ 500–750 ಮಿ.ಲೀ. ಒಳ್ಳೆಯದು. ಪಕ್ಕದಲ್ಲಿ ಮಟ್ಟ ನೋಡುವ ಪ್ಲಾಸ್ಟಿಕ್ ನಳಿಗೆ ಇದ್ದರೆ ತೆಗೆದು ಬಿರಡೆ ಹಾಕಿ, ಅದು ಬಿಸಿಗೆ ಸೀಳುತ್ತದೆ. ಮುಚ್ಚಳಕ್ಕೆ ಡಿಪ್‌ಸ್ಟಿಕ್ ಮಾಡಿಸಿ. ತಳಕ್ಕೆ ಕಾಲು ಇಂಚಿನ ಬಾಲ್ ವಾಲ್ವ್, ತುದಿಗೆ ಮತ್ತೊಂದು ಬಿರಡೆ. ನಡುಕಕ್ಕೆ ಹಿಡಿ ತಿರುಗದ ಹಾಗೆ ಕೇಬಲ್ ಟೈ ಕಟ್ಟಿ.

ಕಾಪು_ಕಡಲು
ಅದೇ ವಾಲ್ವ್‌ನಿಂದ ಸಂಪ್‌ಗೆ ಪೈಪ್ ಕೊಟ್ಟರೆ ಖಾಲಿ ಮಾಡುವ ತಲೆಬಿಸಿಯೇ ಇಲ್ಲ ಅಲ್ವಾ?

ಘಾಟಿ_ಗೇರ್
ಬೇಡ. ಅದರಲ್ಲಿ ಇರುದು ನೀರು, ಇಂಧನ, ಆಮ್ಲ. ಹೊರಗೆ ತೆಗೆದದ್ದನ್ನು ಮತ್ತೆ ಬೇರಿಂಗ್‌ಗೆ ಕುಡಿಸುದು ಯಾಕೆ?

ಹೆಗ್ಗಣ_ವೈರಿ
ಕ್ಯಾನ್‌ನಿಂದ ತೆಗೆದ ಎಣ್ಣೆಯನ್ನು ಬೇಲಿ ಕಂಬಕ್ಕೆ ಗೆದ್ದಲು ಬಾರದ ಹಾಗೆ ಹಚ್ಚಬಹುದಾ?

ಉಪ್ಪುಗಾಳಿ
ಹಚ್ಚಬೇಡಿ, ಮೊದಲ ಮಳೆಗೇ ಬಾವಿಗೆ ಇಳಿಯುತ್ತದೆ. ಬಳಸಿದ ಎಣ್ಣೆ ಸರಕಾರದ ನಿಯಮದಲ್ಲಿ ಅಪಾಯಕಾರಿ ತ್ಯಾಜ್ಯ. ಡಬ್ಬದಲ್ಲಿ ಕೂಡಿಸಿಟ್ಟು ಆಯಿಲ್ ಬದಲಾಯಿಸುವಲ್ಲಿ ಕೊಡಿ, ಅವರ ಡ್ರಮ್‌ಗೆ ಸೇರ್ತದೆ. ಚರಂಡಿಗೆ ಹೊಯ್ದರೆ ಹೋಗುದು ಫಲ್ಗುಣಿಗೆ, ನೇತ್ರಾವತಿಗೆ.

ಕಡಲತಡಿ_66
ಈಗ ನೋಡಿದ್ದು: ಟರ್ಬೊಗೆ ಮೊದಲಿನ ಪೈಪ್‌ನಲ್ಲಿ ಬ್ರೀದರ್ ಸೇರುವಲ್ಲಿಂದಲೇ ಎಣ್ಣೆ ಉಂಟು. ಡಿಪ್‌ಸ್ಟಿಕ್‌ನಲ್ಲಿ ಮ್ಯಾಕ್ಸ್ ಗೆರೆಗಿಂತ 7 ಮಿ.ಮೀ. ಮೇಲೆ.

ಮಣಿಪಾಲ್_ಮೀಟರ್
ಹಾಗಾದರೆ ಕ್ಯಾನ್ ಆರ್ಡರ್ ಸದ್ಯ ನಿಲ್ಲಿಸಿ. ಡಿಪ್‌ಸ್ಟಿಕ್ ನಳಿಗೆಯಿಂದ ದೊಡ್ಡ ಸಿರಿಂಜ್‌ನಲ್ಲಿ 100 ಮಿ.ಲೀ.ನಂತೆ ಎಳೆದು, ಪ್ರತಿ ಸಲ ಮಟ್ಟ ನೋಡಿ. ಗೆರೆಗಿಂತ ಎರಡು ಮಿ.ಮೀ. ಕೆಳಗೆ ನಿಲ್ಲಿಸಿ. ಇಂಟರ್‌ಕೂಲರ್ ಪೈಪ್ ಒಳಗೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. 1000 ಕಿ.ಮೀ. ಓಡಿಸಿ, ಅದರಲ್ಲಿ ಒಂದು ಸಲ ಶಿರಾಡಿ ಇರಲಿ. ಮತ್ತೆ ಕಳಚಿ ನೋಡಿ. ತೆಳ್ಳಗೆ ಪಸೆ ಇದ್ದರೆ ಅದು ಸಹಜ. ಸುರಿಯುವಷ್ಟು ಇದ್ದರೆ ಕ್ಯಾನ್ ಹಾಕುವ.

ಕಡಲತಡಿ_66
ಆಯ್ತು, ಹಾಗೇ ಮಾಡ್ತೇನೆ. ಅಷ್ಟರಲ್ಲಿ ಆ ನೀರಿನ ಅಳತೆಯೂ ತೆಗೆದಿಡ್ತೇನೆ. ಬಾಲ್ ವಾಲ್ವ್‌ಗೆ ಕಟ್ಟುವ ಕೇಬಲ್ ಟೈ ಸಾದಾ ಬಿಳಿಯದ್ದು ಸಾಕಾ?

ಬೈಕಂಪಾಡಿ_ಲೇತ್
ಬಿಳಿಯದ್ದು ಬಿಸಿಗೆ ಪುಡಿ ಆಗ್ತದೆ. ಬಿಸಿ ತಡೆಯುವ ಕಪ್ಪು ನೈಲಾನ್ ಟೈ ಕೇಳಿ ತಗೊಳ್ಳಿ, ಇಲ್ಲದಿದ್ದರೆ ತೆಳ್ಳಗಿನ ಸ್ಟೇನ್‌ಲೆಸ್ ತಂತಿ ಎರಡು ಸುತ್ತು.